ಚಿಂತೆಯ ನೆಲದಲ್ಲಿ ಕೆರೆ ಕಟ್ಟಿಸಿದವರು

ರಾತ್ರಿ ದೀಪ ಆರಿಸಿದ ಮೇಲೂ ನಿಮಗೆ ನಿದ್ದೆ ಬಾರದ ದಿನಗಳಿವೆಯೇ? ಮಗಳ ಮದುವೆ, ಮಗನ ಕೆಲಸ, ತೀರದ ಸಾಲ, ಬತ್ತಿದ ಕೊಳವೆಬಾವಿ ಒಂದೊಂದಾಗಿ ಕಣ್ಣೆದುರು ಬಂದು ನಿಲ್ಲುತ್ತವೆ. ಬೆಳಗಾದಾಗ ಮೈಗೆ ಆಯಾಸ, ಮಾತಿನಲ್ಲಿ ಸಿಡುಕು. ಮನೆಯವರ ಮೇಲೆ ರೇಗುತ್ತೇವೆ, ಮಕ್ಕಳನ್ನು ಗದರುತ್ತೇವೆ. ಸಾಲ ಮಾತ್ರ ಇದ್ದಷ್ಟೇ ಇರುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಈ ಚಿಂತೆ ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ವರ್ಷಕ್ಕೆ 500 ಮಿ.ಮೀ. ಮಳೆ ಬೀಳುವುದೂ ಕಷ್ಟ. ಶೇಂಗಾ ಬಿತ್ತಿದ ರೈತ ಮುಗಿಲು ನೋಡುತ್ತಾನೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು ಮಗ್ಗದ ಮುಂದೆ ಕುಳಿತು ನೂಲಿನ ಬೆಲೆಯನ್ನೂ ತನ್ನ ಕೂಲಿಯನ್ನೂ ಲೆಕ್ಕ ಹಾಕುತ್ತಾನೆ. ಸಾಲದ ಚಿಂತೆ ತಾಳಲಾರದೆ ಪ್ರಾಣ ಕಳೆದುಕೊಂಡ ರೈತರೂ ಈ ಜಿಲ್ಲೆಯಲ್ಲಿದ್ದಾರೆ.

ಇದೇ ನೆಲದಲ್ಲಿ ಶತಮಾನಗಳ ಹಿಂದೆ ಬಾಳಿದವರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು. ಮಧ್ಯ ಕರ್ನಾಟಕದ ಶೈವ ಪರಂಪರೆ ಪಂಚಗಣಾಧೀಶರೆಂದು ಗೌರವಿಸುವ ಐವರಲ್ಲಿ ಅವರೊಬ್ಬರು. ಕೊಟ್ಟೂರು ಬಸವೇಶ್ವರರು ಇನ್ನೊಬ್ಬರು. ಊರೂರು ಸುತ್ತುತ್ತಾ ಬಂದ ಸ್ವಾಮಿಗಳು ಹಟ್ಟಿಯಲ್ಲಿ ನೆಲೆಸಿದರು. ನೀರಿಲ್ಲದೆ ಬಾಡಿದ ಜನರನ್ನು ಕಂಡರು. ಬರಿಯ ಸಮಾಧಾನ ಹೇಳಿ ಸುಮ್ಮನಾಗಲಿಲ್ಲ. ಜನರನ್ನು ಕೂಡಿಸಿ ಗುದ್ದಲಿ, ಬುಟ್ಟಿ ಹಿಡಿಸಿ 5 ಕೆರೆಗಳನ್ನು ಕಟ್ಟಿಸಿದರೆಂದು ಪರಂಪರೆ ಹೇಳುತ್ತದೆ. ಕೂಲಿಯ ವಿಷಯದಲ್ಲಿ ಅವರ ನಿಯಮ ಒಂದೇ: ಯಾರು ಎಷ್ಟು ದುಡಿದರೋ ಅವರಿಗೆ ಅಷ್ಟು ಸಲ್ಲಬೇಕು. ಇಷ್ಟರಿಂದ ಹಸಿದವನಿಗೆ ಅನ್ನ ಸಿಕ್ಕಿತು, ಊರಿಗೆ ನೀರಿನ ಆಸರೆಯಾಯಿತು, ದುಡಿದವನ ಮಾನವೂ ಉಳಿಯಿತು.

ಅವರು ಸಮಾಧಿಯಾದ ಜಾಗವೇ ಇಂದಿನ ಹೊರಮಠ. ಪ್ರತಿವರ್ಷ ಫಾಲ್ಗುಣ ಮಾಸದಲ್ಲಿ ತೇರು ಎಳೆಯುತ್ತಾರೆ. ಭಕ್ತರು ಒಣಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ಈ ಸೀಮೆಯ ಯಾವ ಹಳ್ಳಿಗೆ ಹೋದರೂ ತಿಪ್ಪೇಸ್ವಾಮಿ ಎಂಬ ಹೆಸರಿನವರು ಸಿಗುತ್ತಾರೆ. ಉಪಕಾರವನ್ನು ಜನ ಮರೆಯುವುದಿಲ್ಲ.

ಸ್ವಲ್ಪ ಯೋಚಿಸಿ ನೋಡಿ. ಕೆರೆ ಮಳೆ ತರಿಸುವುದಿಲ್ಲ. ಬಂದ ಮಳೆಯನ್ನು ಹಿಡಿದಿಡುತ್ತದೆ, ಅಷ್ಟೇ. ಮಳೆ ನಮ್ಮ ಕೈಯಲ್ಲಿಲ್ಲ, ಕೆರೆಯ ಏರಿ ನಮ್ಮ ಕೈಯಲ್ಲಿದೆ. ನಮ್ಮ ಚಿಂತೆಗಳಲ್ಲೂ ಇವೆರಡು ಬೆರೆತಿರುತ್ತವೆ. ಕೈಯಲ್ಲಿಲ್ಲದ್ದನ್ನು ನೆನೆದು ಕೊರಗುತ್ತಾ ಕೂತರೆ, ಕೈಯಲ್ಲಿರುವ ಕೆಲಸವೂ ಕೆಡುತ್ತದೆ. ಇನ್ನೊಂದು ಮಾತು: ಕೆರೆಯನ್ನು ಯಾರೂ ಒಬ್ಬರೇ ಕಟ್ಟಲಾರರು. ಚಿಂತೆಯನ್ನೂ ಒಬ್ಬರೇ ಹೊರಬಾರದು.

ಆದ್ದರಿಂದ ಇಂದು ಸಂಜೆ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ತಕ್ಷಣ ಏಳಬೇಡಿ. ಮನಸ್ಸಿನಲ್ಲಿ ಬಚ್ಚಿಟ್ಟ ಸಾಲದ ಲೆಕ್ಕವನ್ನು ಮನೆಯವರ ಮುಂದೆ ಬಿಚ್ಚಿಡಿ. ನಾಚಿಕೆ ಬೇಡ. ನಾಳೆ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಎಲ್ಲರೂ ಸೇರಿ ಗೊತ್ತುಮಾಡಿ. ನೆರೆಮನೆಯವರು ಕೆಲವು ದಿನಗಳಿಂದ ಮಾತು ಕಡಿಮೆ ಮಾಡಿದ್ದರೆ, ನೀವೇ ಹೋಗಿ ಬಾಗಿಲು ತಟ್ಟಿ. ಏರಿ ಎದ್ದದ್ದು ಒಂದೊಂದೇ ಬುಟ್ಟಿ ಮಣ್ಣಿನಿಂದ, ಹಲವರ ಕೈಯಿಂದ.