ಹಕ್ಕಿಗಳ ಚಿತ್ರಗಾರ ಆಡುಬಾನ್ ಮತ್ತು ಆತನ ಮನೆಯವರು

ಜಾನ್ ಜೇಮ್ಸ್ ಆಡುಬಾನ್ ಎಂಬ ಹೆಸರನ್ನು ನೀವು ಕೇಳಿರಬಹುದು. ಅಮೆರಿಕದ ಹಕ್ಕಿಗಳನ್ನು ಅವು ಇರುವಷ್ಟೇ ಗಾತ್ರದಲ್ಲಿ, ಅವು ಕೂರುವ ಕೊಂಬೆ, ತಿನ್ನುವ ಹಣ್ಣು, ಹಿಡಿಯುವ ಹುಳುವಿನ ಸಮೇತ ಚಿತ್ರಿಸಿದ ಕಲಾವಿದ ಆತ. ಆತನ 'ಅಮೆರಿಕದ ಹಕ್ಕಿಗಳು' ಎಂಬ ಮಹಾಗ್ರಂಥದ ಪೂರ್ಣ ಪ್ರತಿಯೊಂದು ಹರಾಜಿಗೆ ಬಂದರೆ ಇಂದು ಅನೇಕ ಕೋಟಿ ರೂಪಾಯಿಗೆ ಮಾರಾಟವಾಗುತ್ತದೆ. ಆ ಗ್ರಂಥದ ಮೇಲೆ ಆತನೊಬ್ಬನ ಹೆಸರು ಮೆರೆಯುತ್ತದೆ. ಆದರೆ ಅದರ ಹಿಂದೆ ದುಡಿದ ಕೈಗಳು ಹಲವು. ಅವುಗಳಲ್ಲಿ ಮೊದಲು ನೆನೆಯಬೇಕಾದದ್ದು ಆತನ ಹೆಂಡತಿ ಲೂಸಿಯ ಕೈಗಳನ್ನು. ಆಡುಬಾನನ ಬಾಳನ್ನು ಹೇಳುವಾಗ ಆಕೆಯನ್ನು ಬಿಟ್ಟರೆ ನೀವು ಅರ್ಧ ಕಥೆಯನ್ನಷ್ಟೇ ಕೇಳಿದಂತಾಗುತ್ತದೆ.

ಆಡುಬಾನ್ ಹುಟ್ಟಿದ್ದು 1785ರ ಏಪ್ರಿಲ್ 26ರಂದು, ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತೊಂದರಲ್ಲಿ. ಅದೇ ಇಂದಿನ ಹೈಟಿ ದೇಶ. ತಂದೆ ಫ್ರಾನ್ಸಿನ ಹಡಗಿನ ಕಪ್ತಾನ, ಕಬ್ಬಿನ ತೋಟದ ಒಡೆಯ. ತಾಯಿ ಆತನ ವಿವಾಹಿತ ಪತ್ನಿಯಲ್ಲ. ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡಳು. ತಂದೆ ಮಗನನ್ನು ಫ್ರಾನ್ಸಿನ ನಾಂತ್ ನಗರಕ್ಕೆ ಕರೆಸಿಕೊಂಡ. ಅಲ್ಲಿದ್ದ ಕಪ್ತಾನನ ಪತ್ನಿ ಆ ಹುಡುಗನನ್ನು ದೂರ ತಳ್ಳಲಿಲ್ಲ. ಸ್ವಂತ ಮಗನಂತೆಯೇ ಮುದ್ದಿನಿಂದ ಸಾಕಿದಳು. 1794ರಲ್ಲಿ ದಂಪತಿ ಆತನನ್ನು ಕಾನೂನು ಪ್ರಕಾರ ದತ್ತು ಪಡೆದರು. 1800ರಲ್ಲಿ, ಹದಿನೈದರ ವಯಸ್ಸಿನಲ್ಲಿ, ನಾಂತ್ ನಗರದಲ್ಲೇ ಆತನಿಗೆ ಜ್ಞಾನಸ್ನಾನವಾಯಿತು. ಪಾಠಕ್ಕಿಂತ ಕಾಡು, ತೊರೆ, ಹಕ್ಕಿಗೂಡುಗಳೇ ಆ ಹುಡುಗನಿಗೆ ಇಷ್ಟ. ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆಯುವ ಹವ್ಯಾಸ ಆಗಲೇ ಅಂಟಿಕೊಂಡಿತ್ತು.

ನೆಪೋಲಿಯನ್ನನ ಸೈನ್ಯಕ್ಕೆ ಮಗ ಸೇರಬೇಕಾಗದಿರಲೆಂದು ತಂದೆ 1803ರಲ್ಲಿ ಆತನನ್ನು ಅಮೆರಿಕಕ್ಕೆ ಕಳುಹಿಸಿದ. ಫಿಲಡೆಲ್ಫಿಯ ನಗರದ ಬಳಿ ಮಿಲ್ ಗ್ರೋವ್ ಎಂಬ ಜಮೀನು ತಂದೆಗೆ ಇತ್ತು. ಅಲ್ಲಿನ ತೊರೆಯ ದಂಡೆಯ ಗುಹೆಯೊಂದರಲ್ಲಿ ಫೀಬಿ ಎಂಬ ಪುಟ್ಟ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಮುಂದಿನ ವರ್ಷ ಇವೇ ಹಕ್ಕಿಗಳು ಮರಳಿ ಬರುತ್ತವೆಯೇ ಎಂದು ತಿಳಿಯಲು ಆತ ಮರಿಗಳ ಕಾಲಿಗೆ ಬೆಳ್ಳಿಯ ಎಳೆ ಕಟ್ಟಿದ. ಅವು ಮರಳಿ ಬಂದವೆಂದು ಆತ ಮುಂದೆ ಬರೆದದ್ದನ್ನು ಇಂದಿನ ವಿದ್ವಾಂಸರು ಪೂರ್ತಿ ನಂಬುವುದಿಲ್ಲ. ಕಥೆಗೆ ಬಣ್ಣ ಕಟ್ಟುವ ಚಪಲ ಆತನಿಗಿತ್ತು. ಪಕ್ಕದ ಜಮೀನಿನಲ್ಲಿ ಇಂಗ್ಲೆಂಡಿನಿಂದ ಬಂದ ಬೇಕ್‌ವೆಲ್ ಕುಟುಂಬ ವಾಸವಾಗಿತ್ತು. ಆ ಮನೆಯ ಹಿರಿಯ ಮಗಳೇ ಲೂಸಿ. ಓದು, ಸಂಗೀತ, ಕುದುರೆ ಸವಾರಿ ಎಲ್ಲ ಬಲ್ಲವಳು. 1808ರಲ್ಲಿ ಇಬ್ಬರ ಮದುವೆಯಾಯಿತು. ಗಂಡಹೆಂಡಿರು ಪಶ್ಚಿಮದ ಕೆಂಟಕಿ ಪ್ರಾಂತ್ಯಕ್ಕೆ ಹೋಗಿ ಅಂಗಡಿ ಇಟ್ಟರು.

ಅಂಗಡಿಯಲ್ಲಿ ಆತನ ಮನಸ್ಸು ನಿಲ್ಲುತ್ತಿರಲಿಲ್ಲ. ವ್ಯಾಪಾರವನ್ನು ಪಾಲುದಾರನಿಗೆ ಒಪ್ಪಿಸಿ ಕಾಡಿಗೆ ನಡೆಯುತ್ತಿದ್ದ. ಆ ಕಾಲದ ಪುಸ್ತಕಗಳಲ್ಲಿ ಹಕ್ಕಿಗಳನ್ನು ಹೇಗೆ ಚಿತ್ರಿಸುತ್ತಿದ್ದರು, ಗೊತ್ತೇ? ಹೊಟ್ಟು ತುಂಬಿ ಒಣಗಿಸಿದ ಹಕ್ಕಿಯನ್ನು ಮುಂದಿಟ್ಟುಕೊಂಡು ಪಕ್ಕದಿಂದ ಕಂಡಂತೆ ಬರೆಯುತ್ತಿದ್ದರು. ಜೀವದ ಚಲನೆ ಅಲ್ಲಿ ಅಪರೂಪ. ಆಡುಬಾನನ ದಾರಿಯೇ ಬೇರೆ. ಮೊದಲು ಹಕ್ಕಿಯ ನಡೆ, ಹಾರಾಟ, ಜಗಳ, ಮರಿಗೆ ಗುಟುಕು ಕೊಡುವ ರೀತಿ ಎಲ್ಲವನ್ನೂ ಹೊರಗೆ ನಿಂತು ದಿನಗಟ್ಟಲೆ ನೋಡುತ್ತಿದ್ದ. ಕ್ಯಾಮೆರಾ ಇಲ್ಲದ ಕಾಲ ಅದು. ಆದ್ದರಿಂದ ಕೊನೆಗೆ ಹಕ್ಕಿಯನ್ನು ಗುಂಡಿಟ್ಟು ಕೊಂದು, ಚೌಕಳಿ ಗೆರೆ ಎಳೆದ ಹಲಗೆಯ ಮೇಲೆ ತಂತಿಗಳಿಂದ ಜೀವಂತ ಭಂಗಿಯಲ್ಲಿ ನಿಲ್ಲಿಸುತ್ತಿದ್ದ. ಕಾಗದದ ಮೇಲೂ ಅದೇ ಅಳತೆಯ ಚೌಕಳಿ. ಹೀಗೆ ರೆಕ್ಕೆಯ ಒಂದೊಂದು ಗರಿಯೂ ನಿಜವಾದ ಗಾತ್ರದಲ್ಲಿ ಮೂಡುತ್ತಿತ್ತು. ಸತ್ತ ಹಕ್ಕಿಯ ಕಣ್ಣು, ಕಾಲುಗಳ ಬಣ್ಣ ಬೇಗನೆ ಮಾಸುತ್ತದೆ. ಅದಕ್ಕಾಗಿ ತಾಜಾ ಇರುವಾಗಲೇ ಚಿತ್ರ ಮುಗಿಸುವ ಆತುರ. ಹಕ್ಕಿಗಳನ್ನು ಪ್ರೀತಿಸಿದವನು ಇಷ್ಟೊಂದು ಹಕ್ಕಿಗಳನ್ನು ಕೊಂದನೇ ಎಂದು ನಿಮ್ಮ ಮನಸ್ಸು ನೊಂದರೆ ಅದು ಸಹಜವೇ. ಆತ ಅಗತ್ಯಕ್ಕಿಂತ ಹೆಚ್ಚಾಗಿಯೂ ಬೇಟೆಯಾಡುತ್ತಿದ್ದ.

1819ರಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತ ಉಂಟಾಯಿತು. ಆಡುಬಾನ್ ಸಾಲ ಮಾಡಿ ಕಟ್ಟಿಸಿದ್ದ ಗಿರಣಿ ಮುಳುಗಿತು. ಮನೆ, ಸಾಮಾನು ಎಲ್ಲ ಹೋಯಿತು. ಸಾಲಕ್ಕಾಗಿ ಆತ ಸೆರೆಮನೆಯನ್ನೂ ಕಂಡ. ಆ ಒಳ್ಳೆಯ ದಿನಗಳಲ್ಲಿ ಈ ದಂಪತಿ ಗುಲಾಮರನ್ನು ಇಟ್ಟುಕೊಂಡಿದ್ದರು; ಕಷ್ಟ ಬಂದಾಗ ಅವರನ್ನು ಮಾರಿಬಿಟ್ಟರು. ಮನುಷ್ಯರನ್ನು ಸೊತ್ತಿನಂತೆ ಕೊಂಡು ಮಾರಿದ ಆ ಪಾಪವನ್ನು ಆತನ ಕೀರ್ತಿ ಮುಚ್ಚಬಾರದು. ಅಮೆರಿಕದ ಹಲವು ಪಕ್ಷಿಸಂಘಗಳು ಈಚಿನ ವರ್ಷಗಳಲ್ಲಿ ಇದೇ ಕಾರಣಕ್ಕೆ ಆತನ ಹೆಸರನ್ನು ಕೈಬಿಟ್ಟಿವೆ. ಅದೇ ಸಮಯದಲ್ಲಿ ಮನೆಗೆ ಇನ್ನೂ ದೊಡ್ಡ ದುಃಖ ಬಡಿಯಿತು. ಒಬ್ಬ ಹೆಣ್ಣುಮಗು 1817ರಲ್ಲೇ ತೀರಿಕೊಂಡಿತ್ತು. ಎರಡನೆಯ ಹೆಣ್ಣುಮಗು 1820ರಲ್ಲಿ ಕಣ್ಣು ಮುಚ್ಚಿತು. ಉಳಿದವರು ವಿಕ್ಟರ್ ಮತ್ತು ಜಾನ್ ಎಂಬ ಇಬ್ಬರು ಗಂಡುಮಕ್ಕಳು.

ಮೂವತ್ತೈದರ ವಯಸ್ಸು, ಜೇಬಿನಲ್ಲಿ ಕಾಸಿಲ್ಲ, ಸಾಕಬೇಕಾದ ಸಂಸಾರವಿದೆ. ಇಂಥ ಹೊತ್ತಿನಲ್ಲಿ ನೀವಾದರೆ ಏನು ಮಾಡುತ್ತಿದ್ದಿರಿ? ಅಮೆರಿಕದ ಎಲ್ಲ ಹಕ್ಕಿಗಳನ್ನೂ ಚಿತ್ರಿಸಿ ಪುಸ್ತಕ ಮಾಡುತ್ತೇನೆಂದು ಆಡುಬಾನ್ ನಿರ್ಧರಿಸಿದ. ನೆಂಟರಿಷ್ಟರಿಗೆ ಇದು ಹುಚ್ಚಾಗಿ ಕಂಡಿತು. 1820ರ ಅಕ್ಟೋಬರಿನಲ್ಲಿ ಆತ ದೋಣಿಯೇರಿ ಒಹಾಯೊ, ಮಿಸಿಸಿಪಿ ನದಿಗಳ ಗುಂಟ ದಕ್ಷಿಣಕ್ಕೆ ಹೊರಟ. ಪ್ರಯಾಣದ ಖರ್ಚಿಗೆ ಬೇಟೆಯ ಮಾಂಸ ಒದಗಿಸುವ ಕೆಲಸ. ಜೊತೆಗೆ ಜೋಸೆಫ್ ಮೇಸನ್ ಎಂಬ ಸುಮಾರು ಹದಿಮೂರರ ಹುಡುಗ. ಹೂ, ಎಲೆ, ಬಳ್ಳಿಗಳನ್ನು ಬರೆಯುವುದರಲ್ಲಿ ಆ ಹುಡುಗನ ಕೈ ಅದ್ಭುತ. ಆಡುಬಾನ್ ಹಕ್ಕಿ ಬರೆದರೆ, ಅದು ಕೂತ ಗಿಡವನ್ನು ಹುಡುಗ ಬರೆಯುತ್ತಿದ್ದ. ಐವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಆತನ ಹೂಗಿಡಗಳಿವೆ. ಆದರೆ ಅಚ್ಚಾದ ಗ್ರಂಥದಲ್ಲಿ ಆತನ ಹೆಸರಿಗೆ ಜಾಗ ಸಿಗಲಿಲ್ಲ.

ಇತ್ತ ಲೂಸಿ ಏನು ಮಾಡಿದಳು? ಮಕ್ಕಳೊಂದಿಗೆ ಗಂಡನ ಹಿಂದೆ ಲೂಯಿಸಿಯಾನ ಪ್ರಾಂತ್ಯಕ್ಕೆ ಬಂದಳು. ತೋಟದ ಸಿರಿವಂತರ ಮನೆಗಳಲ್ಲಿ ಶಾಲೆ ನಡೆಸಿ ಮಕ್ಕಳಿಗೆ ಓದುಬರಹ, ಪಿಯಾನೊ ಕಲಿಸಿದಳು. ಸಂಸಾರದ ಹೊಟ್ಟೆ ತುಂಬಿದ್ದು ಬಹುಮಟ್ಟಿಗೆ ಆಕೆಯ ಸಂಬಳದಿಂದ. 1824ರಲ್ಲಿ ಆಡುಬಾನ್ ಚಿತ್ರಗಳೊಂದಿಗೆ ಫಿಲಡೆಲ್ಫಿಯಕ್ಕೆ ಹೋದಾಗ ಅಲ್ಲಿನ ವಿದ್ವಾಂಸರಲ್ಲಿ ಕೆಲವರು ವಿರೋಧಿಸಿದರು, ಪ್ರಕಾಶಕರು ಸಿಗಲಿಲ್ಲ. ಇನ್ನು ಇಂಗ್ಲೆಂಡೇ ಗತಿ ಎಂದಾಯಿತು. ಆ ಪ್ರಯಾಣಕ್ಕೆ ಲೂಸಿಯ ಉಳಿತಾಯವೂ ಸೇರಿತು. 1826ರ ಮೇ ತಿಂಗಳಲ್ಲಿ ಆತ ನ್ಯೂ ಆರ್ಲಿಯನ್ಸ್‌ನಿಂದ ಹಡಗು ಹತ್ತಿದ. ಗಂಡಹೆಂಡಿರು ಮತ್ತೆ ಮುಖ ನೋಡಿದ್ದು 1829ರ ಕೊನೆಯಲ್ಲಿ. ಮೂರು ವರ್ಷಗಳಿಗೂ ಮಿಕ್ಕಿದ ಅಗಲಿಕೆ ಅದು. ಪತ್ರಗಳು ಸಮುದ್ರ ದಾಟಲು ವಾರಗಟ್ಟಲೆ ಬೇಕಾಗುತ್ತಿತ್ತು. ಇಬ್ಬರ ನಡುವೆ ಬೇಸರ, ಸಂಶಯಗಳೂ ಬೆಳೆದವು. ಕೊನೆಗೆ ಆತನೇ ಕೆಲಸ ಬಿಟ್ಟು ಬಂದು ಆಕೆಯನ್ನು ಕರೆದೊಯ್ದ.

ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳು ಆತನ ಚಿತ್ರಗಳನ್ನು ಬೆರಗಿನಿಂದ ನೋಡಿದವು. ಎಡಿನ್‌ಬರೋದ ಲಿಜಾರ್ಸ್ ಮೊದಲ ಹತ್ತು ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೆತ್ತಿದ. ಆಮೇಲೆ ಲಂಡನ್ನಿನ ರಾಬರ್ಟ್ ಹ್ಯಾವೆಲ್ ಆ ಕೆಲಸ ವಹಿಸಿಕೊಂಡ. ಕಪ್ಪುಬಿಳುಪಿನಲ್ಲಿ ಅಚ್ಚಾದ ಪ್ರತಿಯೊಂದು ಹಾಳೆಗೂ ಕೆಲಸಗಾರರು ಕೈಯಿಂದಲೇ ಬಣ್ಣ ತುಂಬಿದರು. ಹಾಳೆ ಮೂರು ಅಡಿಗೂ ಹೆಚ್ಚು ಉದ್ದ, ಎರಡು ಅಡಿಗೂ ಹೆಚ್ಚು ಅಗಲ. ಅಷ್ಟಿದ್ದರೂ ರಾಜಹಂಸದಂಥ ದೊಡ್ಡ ಹಕ್ಕಿಯ ಕತ್ತನ್ನು ಬಗ್ಗಿಸಿ ಬರೆದರಷ್ಟೇ ಹಾಳೆಯೊಳಗೆ ಹಿಡಿಯುತ್ತಿತ್ತು. ಐದೈದು ಚಿತ್ರಗಳ ಕಟ್ಟನ್ನು ಚಂದಾದಾರರಿಗೆ ಕಳುಹಿಸುವ ಏರ್ಪಾಡು. 1827ರಲ್ಲಿ ಪ್ರಾರಂಭವಾದ ಕೆಲಸ 435 ಚಿತ್ರಗಳೊಂದಿಗೆ ಮುಗಿದದ್ದು 1838ರಲ್ಲಿ. ಕೆಲವು ಚಿತ್ರಗಳ ಹಿನ್ನೆಲೆಯ ಬೆಟ್ಟ, ನದಿ, ಜೌಗುಗಳನ್ನು ಜಾರ್ಜ್ ಲೇಮನ್ ಬರೆದ. ಚಾರ್ಲ್‌ಸ್ಟನ್ ನಗರದ ಮರಿಯಾ ಮಾರ್ಟಿನ್ ಎಂಬ ಮಹಿಳೆ ಹೂವು, ಚಿಟ್ಟೆಗಳನ್ನು ಬರೆದಳು. ಗ್ರಂಥದ ಜೊತೆಗೆ ಬಂದ ಐದು ಸಂಪುಟಗಳ ಬರವಣಿಗೆಯನ್ನು ವಿದ್ವಾಂಸ ಮ್ಯಾಕ್‌ಗಿಲಿವ್ರೆ ತಿದ್ದಿದ. ಲೂಸಿ ನಕಲು ಮಾಡಿಕೊಟ್ಟಳು. ಬೆಳೆದ ಗಂಡುಮಕ್ಕಳಿಬ್ಬರೂ ತಂದೆಯ ಕೆಲಸಕ್ಕೇ ಕೈ ಜೋಡಿಸಿದರು.

1833ರಲ್ಲಿ ಆತ ಮಗ ಜಾನನೊಂದಿಗೆ ಉತ್ತರದ ಚಳಿಯ ಲ್ಯಾಬ್ರಡಾರ್ ತೀರಕ್ಕೆ ಹೋದ. ಹಡಗಿನಲ್ಲೇ ಮೇಜು ಹಾಕಿಕೊಂಡು, ಮಳೆಹನಿ ಕಾಗದದ ಮೇಲೆ ತೊಟ್ಟಿಕ್ಕುತ್ತಿದ್ದರೂ ಮುಂಜಾನೆಯಿಂದ ರಾತ್ರಿಯವರೆಗೆ ಬರೆದ. ವ್ಯಾಪಾರಿಗಳು ಕಡಲಹಕ್ಕಿಗಳ ಮೊಟ್ಟೆಗಳನ್ನು ರಾಶಿರಾಶಿಯಾಗಿ ದೋಚುವುದನ್ನು ಅಲ್ಲಿ ಕಂಡು ಆತನಿಗೆ ಮನಸ್ಸು ಕದಡಿತು. ಹೀಗೇ ನಡೆದರೆ ಈ ಹಕ್ಕಿಗಳು ಉಳಿಯಲಾರವೆಂದು ದಿನಚರಿಯಲ್ಲಿ ಬರೆದಿಟ್ಟ. ಆತನ ಭಯ ಸುಳ್ಳಾಗಲಿಲ್ಲ. ಲ್ಯಾಬ್ರಡಾರ್ ಬಾತು ಅದೇ ಶತಮಾನದಲ್ಲಿ ಕಣ್ಮರೆಯಾಯಿತು. ಆಕಾಶವನ್ನೇ ಮುಚ್ಚುವಂತೆ ಹಾರುವುದನ್ನು ಆತ ಕಂಡಿದ್ದ ಪ್ರಯಾಣಿಕ ಪಾರಿವಾಳಗಳ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಕ್ಯಾರೊಲಿನಾ ಗಿಳಿಗಳಿಗೂ ಅದೇ ಗತಿಯಾಯಿತು. ಅವುಗಳ ರೂಪ, ಬಣ್ಣಗಳನ್ನು ಇಂದು ನೋಡಬೇಕೆಂದರೆ ಆಡುಬಾನನ ಹಾಳೆಗಳನ್ನು ತೆರೆಯಬೇಕು.

ಕೊನೆಯ ವರ್ಷಗಳಲ್ಲಿ ಆತನ ಕಣ್ಣು ಮಂದವಾಯಿತು. 1847ರ ಹೊತ್ತಿಗೆ ನೆನಪೂ ಕೈಕೊಟ್ಟಿತು. ಸಾವಿರಾರು ಗರಿಗಳ ಬಣ್ಣ ನೆನಪಿಟ್ಟವನು ಮಗುವಿನಂತಾದ. ಆಗ ಆತನನ್ನು ನೋಡಿಕೊಂಡವರು ಲೂಸಿ ಮತ್ತು ಮಕ್ಕಳು. 1851ರ ಜನವರಿ 27ರಂದು ನ್ಯೂಯಾರ್ಕಿನ ಮನೆಯಲ್ಲಿ ಆತ ತೀರಿಕೊಂಡ.

ಲೂಸಿಯ ದುಡಿಮೆ ಅಲ್ಲಿಗೂ ಮುಗಿಯಲಿಲ್ಲ. 1860ರಲ್ಲಿ ವಿಕ್ಟರ್, 1862ರಲ್ಲಿ ಜಾನ್ ಆಕೆಯ ಕಣ್ಣೆದುರೇ ಹೋದರು. ಸಾಲ ಉಳಿದಿತ್ತು. ಎಪ್ಪತ್ತು ದಾಟಿದ ಆಕೆ ಮತ್ತೆ ಮಕ್ಕಳಿಗೆ ಪಾಠ ಹೇಳಿದಳು. 1863ರಲ್ಲಿ ಗಂಡನ ಮೂಲ ಜಲವರ್ಣ ಚಿತ್ರಗಳನ್ನು ನ್ಯೂಯಾರ್ಕ್ ಇತಿಹಾಸ ಸಂಘಕ್ಕೆ ಮಾರಿದಳು. ಅವು ಚದುರಿಹೋಗದೆ ಇಂದಿಗೂ ಅಲ್ಲಿವೆ. ಆಕೆಯ ಬಳಿ ಪಾಠ ಕಲಿತ ಜಾರ್ಜ್ ಬರ್ಡ್ ಗ್ರಿನ್ನೆಲ್ ಎಂಬ ಹುಡುಗ ದೊಡ್ಡವನಾದ ಮೇಲೆ, 1886ರಲ್ಲಿ, ಹಕ್ಕಿಗಳ ರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿ ಅದಕ್ಕೆ ಆಡುಬಾನನ ಹೆಸರಿಟ್ಟ. ಗಂಡ ಬಂದೂಕು ಹಿಡಿದು ಚಿತ್ರಿಸಿದ ಹಕ್ಕಿಗಳನ್ನು ಉಳಿಸಬೇಕೆಂಬ ಕೆಲಸ ಹೀಗೆ ಹೆಂಡತಿಯ ಶಿಷ್ಯನಿಂದ ಶುರುವಾಯಿತು. ಅದನ್ನು ನೋಡಲು ಆಕೆ ಇರಲಿಲ್ಲ. 1874ರಲ್ಲೇ, 87ರ ವಯಸ್ಸಿನಲ್ಲಿ, ಆಕೆ ಕಣ್ಣು ಮುಚ್ಚಿದ್ದಳು.

ನಿಮ್ಮ ಮನೆಯಲ್ಲೂ ಹಾಡುವ, ಬರೆಯುವ, ಓದುವ, ಚಿತ್ರ ಬಿಡಿಸುವ ಒಬ್ಬರಿರಬಹುದು. ಅವರ ಹೆಸರು ನಾಲ್ಕು ಜನರ ಬಾಯಲ್ಲಿ ಬರುವ ದಿನ, ಅವರಿಗಾಗಿ ಅಡಿಗೆಮನೆಯ ದೀಪ ಉರಿಸಿಟ್ಟವರನ್ನು, ಶುಲ್ಕಕ್ಕೆ ಹಣ ಹೊಂದಿಸಿದವರನ್ನು ಹೆಸರು ಹಿಡಿದು ನೆನೆಯಿರಿ. ಲೂಸಿ ಬದುಕಿದ್ದಾಗ ಅವಳಿಗೆ ಅದು ಸಾಲದೇ ಹೋಯಿತು.