ಎಗ್ಲಾಂಟೈನ್ ಜೆಬ್

ಎಗ್ಲಾಂಟೈನ್ ಜೆಬ್ (೨೫ ಆಗಸ್ಟ್ ೧೮೭೬ – ೧೭ ಡಿಸೆಂಬರ್ ೧೯೨೮) ಇಂಗ್ಲೆಂಡಿನ ಸಮಾಜ ಸುಧಾರಕಿ. ತಂಗಿ ಡೊರೊಥಿ ಬಕ್ಸ್ಟನ್ ಅವರೊಡನೆ ೧೯೧೯ರಲ್ಲಿ 'ಸೇವ್ ದ ಚಿಲ್ಡ್ರನ್ ಫಂಡ್' ಎಂಬ ಮಕ್ಕಳ ಪರಿಹಾರ ನಿಧಿಯನ್ನು ಸ್ಥಾಪಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಶತ್ರುಗಳಾಗಿದ್ದ ದೇಶಗಳ ಮಕ್ಕಳ ಹಸಿವನ್ನು ನೀಗಿಸಲು ಆರಂಭವಾದ ಈ ಸಂಸ್ಥೆ ಮುಂದೆ ಅಂತರರಾಷ್ಟ್ರೀಯ ಸ್ವರೂಪ ಪಡೆಯಿತು. ೧೯೨೪ರಲ್ಲಿ ರಾಷ್ಟ್ರಸಂಘವು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಘೋಷಣೆಯ ಕರಡನ್ನು ರಚಿಸಿದವರೂ ಇವರೇ.

ಜನನ ಮತ್ತು ಬಾಲ್ಯ

ಎಗ್ಲಾಂಟೈನ್ ಅವರು ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಎಲ್ಸ್‌ಮಿಯರ್ ಬಳಿ 'ದ ಲಿತ್' ಎಂಬ ಮನೆಯಲ್ಲಿ ಜನಿಸಿದರು. ತಂದೆ ಆರ್ಥರ್ ಟ್ರೆವರ್ ಜೆಬ್ ಅನುಕೂಲಸ್ಥ ಭೂಮಾಲೀಕರು. ತಾಯಿಯ ಹೆಸರೂ ಎಗ್ಲಾಂಟೈನ್ ಎಂದೇ. ಗ್ರಾಮೀಣ ಬಡವರಿಗೆ ಕರಕುಶಲ ಕಲೆಗಳನ್ನು ಕಲಿಸುವ ಸಂಘವೊಂದನ್ನು ಅವರು ಸ್ಥಾಪಿಸಿದ್ದರು. ಆರು ಮಂದಿ ಮಕ್ಕಳಲ್ಲಿ ಎಗ್ಲಾಂಟೈನ್ ನಾಲ್ಕನೆಯವರು. ಅಕ್ಕ ಲೂಯಿಸಾ ಮುಂದೆ ಕೃಷಿ ಕ್ಷೇತ್ರದಲ್ಲಿ ಮಹಿಳೆಯರನ್ನು ಸಂಘಟಿಸುವ ಕಾರ್ಯದಲ್ಲಿ ಹೆಸರು ಮಾಡಿದರು. ಪ್ರಾಚೀನ ಗ್ರೀಕ್ ಸಾಹಿತ್ಯದ ವಿದ್ವಾಂಸರಾದ ಸರ್ ರಿಚರ್ಡ್ ಕ್ಲೇವರ್‌ಹೌಸ್ ಜೆಬ್ ಇವರ ಸೋದರಮಾವ.

ಪುಸ್ತಕಗಳು, ಕುದುರೆ ಸವಾರಿ ಮತ್ತು ಕಥೆ ಕಟ್ಟುವ ಆಟಗಳ ನಡುವೆ ಕಳೆದ ಬಾಲ್ಯ ಸುಖಮಯವಾಗಿತ್ತು. ಆದರೆ ೧೮೯೪ರಲ್ಲಿ ತಂದೆ ತೀರಿಕೊಂಡರು. ೧೮೯೬ರಲ್ಲಿ ಪ್ರೀತಿಯ ತಮ್ಮ ಗ್ಯಾಮುಲ್ ಶಾಲೆಯಲ್ಲಿ ಓದುತ್ತಿದ್ದಾಗಲೇ ನ್ಯುಮೋನಿಯಾದಿಂದ ಮೃತಪಟ್ಟನು. ಈ ಎರಡು ಸಾವುಗಳು ಅವರ ಮನಸ್ಸಿನ ಮೇಲೆ ಆಳವಾದ ಪರಿಣಾಮ ಬೀರಿದವು.

ವಿದ್ಯಾಭ್ಯಾಸ ಮತ್ತು ಶಿಕ್ಷಕ ವೃತ್ತಿ

ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಹೋಗುವುದು ಅಪರೂಪವಾಗಿದ್ದ ಆ ಕಾಲದಲ್ಲಿ, ಸೋದರತ್ತೆಯ ಬೆಂಬಲದಿಂದ ಎಗ್ಲಾಂಟೈನ್ ೧೮೯೫ರಲ್ಲಿ ಆಕ್ಸ್‌ಫರ್ಡಿನ ಲೇಡಿ ಮಾರ್ಗರೆಟ್ ಹಾಲ್ ಸೇರಿ ಇತಿಹಾಸವನ್ನು ಅಭ್ಯಾಸ ಮಾಡಿದರು. ೧೮೯೮ರಲ್ಲಿ ವ್ಯಾಸಂಗ ಮುಗಿಯಿತಾದರೂ ಪದವಿ ದೊರೆಯಲಿಲ್ಲ; ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಮಹಿಳೆಯರಿಗೆ ಪದವಿ ನೀಡತೊಡಗಿದ್ದು ೧೯೨೦ರಲ್ಲಿ.

ಬಡ ಮಕ್ಕಳಿಗೆ ಪಾಠ ಹೇಳುವುದೇ ತಮಗೆ ಯೋಗ್ಯವಾದ ಸೇವೆ ಎಂದು ಭಾವಿಸಿ, ಲಂಡನ್ನಿನ ಸ್ಟಾಕ್‌ವೆಲ್ ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿದರು. ಅವರ ವರ್ಗದ ತರುಣಿಯೊಬ್ಬಳು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗುವುದು ಆಗ ಅಸಾಮಾನ್ಯ ಸಂಗತಿಯಾಗಿತ್ತು. ಅನಂತರ ಮಾರ್ಲ್‌ಬರೊ ಪಟ್ಟಣದ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದರಾದರೂ ಆ ವೃತ್ತಿ ಅವರಿಗೆ ಒಗ್ಗಲಿಲ್ಲ. ತರಗತಿಯನ್ನು ನಿಯಂತ್ರಿಸುವುದು ಕಷ್ಟವಾಯಿತು. ಮಕ್ಕಳ ಒಡನಾಟದಲ್ಲಿ ತಮಗೆ ಸಹಜವಾದ ಆನಂದವಿಲ್ಲವೆಂಬುದೂ ಅವರಿಗೆ ಮನವರಿಕೆಯಾಯಿತು. ಆರೋಗ್ಯವೂ ಕೆಟ್ಟಿತು. ಸುಮಾರು ಒಂದು ವರ್ಷದ ನಂತರ ಕೆಲಸವನ್ನು ಬಿಟ್ಟರು. ಜಗತ್ತಿನ ಮಕ್ಕಳ ಪರವಾಗಿ ಮುಂದೆ ದನಿಯೆತ್ತಿದ ಮಹಿಳೆ ಶಾಲಾ ಕೊಠಡಿಯಲ್ಲಿ ಸೋತಿದ್ದರೆಂಬುದು ಅವರ ಜೀವನದ ಗಮನಾರ್ಹ ಅಂಶ.

ಕೇಂಬ್ರಿಡ್ಜ್‌ನಲ್ಲಿ ಸಮಾಜಸೇವೆ

ಮುಂದೆ ತಾಯಿಯೊಡನೆ ಕೇಂಬ್ರಿಡ್ಜ್‌ನಲ್ಲಿ ನೆಲೆಸಿದ ಎಗ್ಲಾಂಟೈನ್, ಅಲ್ಲಿನ ದತ್ತಿಕಾರ್ಯ ಸಂಘಟನಾ ಸಂಸ್ಥೆಯಲ್ಲಿ ತೊಡಗಿಸಿಕೊಂಡರು. ದಾನವು ಕೇವಲ ಮರುಕದಿಂದ ಹುಟ್ಟಿದರೆ ಸಾಲದು, ಬಡತನದ ಕಾರಣಗಳನ್ನು ಅರಿತು ವ್ಯವಸ್ಥಿತವಾಗಿ ನಡೆಯಬೇಕು ಎಂಬ ತತ್ತ್ವವನ್ನು ಇಲ್ಲಿ ಮೈಗೂಡಿಸಿಕೊಂಡರು. ಪಟ್ಟಣದ ವಸತಿ, ಉದ್ಯೋಗ, ಕುಡಿತ, ಶಿಕ್ಷಣ ಮುಂತಾದ ವಿಷಯಗಳನ್ನು ಅಧ್ಯಯನ ಮಾಡಿ ೧೯೦೬ರಲ್ಲಿ ಕೇಂಬ್ರಿಡ್ಜ್ ನಗರದ ಸಾಮಾಜಿಕ ಸಮಸ್ಯೆಗಳ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಶಾಲೆ ಬಿಟ್ಟ ಹುಡುಗರಿಗೆ ತಕ್ಕ ಕೆಲಸ ದೊರಕಿಸಿಕೊಡುವ ನೋಂದಣಿ ಕಚೇರಿಯ ಕಾರ್ಯದಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ತಂಗಿ ಮಾರ್ಗರೆಟ್ ಕೇನ್ಸ್ ಅವರೊಡನೆ ದುಡಿದರು. ಮಾರ್ಗರೆಟ್ ಅವರಿಗೂ ಎಗ್ಲಾಂಟೈನ್ ಅವರಿಗೂ ಅತ್ಯಂತ ಆತ್ಮೀಯವಾದ ಸ್ನೇಹವಿತ್ತು. ೧೯೧೩ರಲ್ಲಿ ಮಾರ್ಗರೆಟ್ ವಿವಾಹವಾದರು. ಎಗ್ಲಾಂಟೈನ್ ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ಈ ವರ್ಷಗಳಲ್ಲಿ ಅವರ ಬದುಕಿಗೆ ಸ್ಥಿರವಾದ ಗುರಿ ಇರಲಿಲ್ಲ. ತಾಯಿಯ ಅನಾರೋಗ್ಯದ ಕಾರಣ ಯುರೋಪಿನ ಆರೋಗ್ಯಧಾಮಗಳಲ್ಲಿ ದೀರ್ಘಕಾಲ ಕಳೆಯಬೇಕಾಯಿತು. ಬರೆದ ಕಾದಂಬರಿ ಪ್ರಕಟವಾಗಲಿಲ್ಲ. ಥೈರಾಯ್ಡ್ ಗ್ರಂಥಿಯ ಕಾಯಿಲೆಯೂ ಅವರನ್ನು ಕಾಡುತ್ತಿತ್ತು.

ಮ್ಯಾಸಿಡೋನಿಯಾ ಪ್ರವಾಸ

ಡೊರೊಥಿಯವರ ಪತಿ ಚಾರ್ಲ್ಸ್ ರೋಡನ್ ಬಕ್ಸ್ಟನ್ ಮತ್ತು ಅವರ ಅಣ್ಣ ನೋಯಲ್ ಬಕ್ಸ್ಟನ್ ಬಾಲ್ಕನ್ ಪ್ರದೇಶದ ವ್ಯವಹಾರಗಳಲ್ಲಿ ಆಸಕ್ತರಾಗಿದ್ದ ರಾಜಕಾರಣಿಗಳು. ಅವರ ಪ್ರೇರಣೆಯಿಂದ ಎಗ್ಲಾಂಟೈನ್ ೧೯೧೩ರಲ್ಲಿ ಮ್ಯಾಸಿಡೋನಿಯಾ ಪರಿಹಾರ ನಿಧಿಯ ಪರವಾಗಿ ಆ ಪ್ರದೇಶಕ್ಕೆ ತೆರಳಿದರು. ಬಾಲ್ಕನ್ ಯುದ್ಧದಿಂದ ಮನೆಮಠ ಕಳೆದುಕೊಂಡಿದ್ದ ಸಾವಿರಾರು ನಿರಾಶ್ರಿತರನ್ನು, ಅವರಲ್ಲಿಯೂ ಹಸಿದ ಹೆಂಗಸರು ಮತ್ತು ಮಕ್ಕಳನ್ನು, ಅವರು ಕಣ್ಣಾರೆ ಕಂಡರು. ಹಿಂದಿರುಗಿದ ಮೇಲೆ ಸಭೆಗಳಲ್ಲಿ ಮಾತನಾಡಿ ಹಣ ಸಂಗ್ರಹಿಸಲು ಯತ್ನಿಸಿದರು. ಯುದ್ಧವು ಸಿಪಾಯಿಗಳಿಗಿಂತ ಹೆಚ್ಚಾಗಿ ಸಂಸಾರಗಳನ್ನು ಹಾಳುಮಾಡುತ್ತದೆ ಎಂಬ ಅರಿವು ಅವರಲ್ಲಿ ಬೇರೂರಿದ್ದು ಈ ಪ್ರವಾಸದಿಂದ.

ಮಹಾಯುದ್ಧ ಮತ್ತು ದಿಗ್ಬಂಧನ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಡೊರೊಥಿಯವರು ಸರ್ಕಾರದ ಅನುಮತಿ ಪಡೆದು ಶತ್ರುದೇಶಗಳ ಹಾಗೂ ತಟಸ್ಥ ದೇಶಗಳ ಪತ್ರಿಕೆಗಳನ್ನು ತರಿಸಿ, ಅವುಗಳ ಅನುವಾದವನ್ನು 'ಕೇಂಬ್ರಿಡ್ಜ್ ಮ್ಯಾಗಜೀನ್' ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು. ಎಗ್ಲಾಂಟೈನ್ ಸಹ ಈ ಕಾರ್ಯದಲ್ಲಿ ಕೈಜೋಡಿಸಿದರು. ಮಧ್ಯ ಯುರೋಪಿನಲ್ಲಿ ಜನಸಾಮಾನ್ಯರು ಹಸಿವಿನಿಂದ ನರಳುತ್ತಿರುವ ವಾರ್ತೆಗಳು ಈ ಪತ್ರಿಕೆಗಳಿಂದ ಸಹೋದರಿಯರಿಗೆ ತಿಳಿಯುತ್ತಿದ್ದವು.

೧೯೧೮ರ ನವೆಂಬರ್‌ನಲ್ಲಿ ಕದನವಿರಾಮವಾದರೂ ಮಿತ್ರರಾಷ್ಟ್ರಗಳು ಹೇರಿದ್ದ ನೌಕಾ ದಿಗ್ಬಂಧನ ಕೂಡಲೇ ತೆರವಾಗಲಿಲ್ಲ. ಶಾಂತಿ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಅದು ಒತ್ತಾಯದ ಸಾಧನವಾಗಿ ಮುಂದುವರಿಯಿತು. ತಾಯಂದಿರಿಗೇ ಆಹಾರವಿಲ್ಲದ ಕಾರಣ ಕೂಸುಗಳಿಗೆ ಹಾಲಿಲ್ಲವಾಯಿತು. ಕ್ಷಯ ಮತ್ತು ಮೂಳೆರೋಗಗಳು ಹೆಚ್ಚಿದವು. ದಿಗ್ಬಂಧನವನ್ನು ಕೊನೆಗಾಣಿಸಬೇಕೆಂದು ಒತ್ತಾಯಿಸಲು ೧೯೧೯ರ ಆರಂಭದಲ್ಲಿ 'ಕ್ಷಾಮ ವಿರೋಧಿ ಮಂಡಳಿ' ರಚಿತವಾಯಿತು. ಸಹೋದರಿಯರಿಬ್ಬರೂ ಅದರಲ್ಲಿ ಸಕ್ರಿಯರಾಗಿದ್ದರು.

ಬಂಧನ ಮತ್ತು ವಿಚಾರಣೆ

೧೯೧೯ರ ಏಪ್ರಿಲ್‌ನಲ್ಲಿ ಎಗ್ಲಾಂಟೈನ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕರಪತ್ರಗಳನ್ನು ಹಂಚಿದರು. ಹಸಿವಿನಿಂದ ಬಡಕಲಾದ ಆಸ್ಟ್ರಿಯದ ಮಗುವಿನ ಛಾಯಾಚಿತ್ರ ಅದರಲ್ಲಿತ್ತು. ಈ ಸ್ಥಿತಿಗೆ ಬ್ರಿಟನ್ನಿನ ದಿಗ್ಬಂಧನವೇ ಕಾರಣವೆಂದು ಅದು ನೇರವಾಗಿ ಆರೋಪಿಸುತ್ತಿತ್ತು. ಸರ್ಕಾರದ ಪೂರ್ವಾನುಮತಿಯಿಲ್ಲದೆ ಕರಪತ್ರ ಹಂಚಿದ ಅಪರಾಧಕ್ಕಾಗಿ ದೇಶರಕ್ಷಣಾ ಕಾಯಿದೆಯಡಿ ಅವರನ್ನು ಬಂಧಿಸಲಾಯಿತು.

ಮೇ ತಿಂಗಳಲ್ಲಿ ನಡೆದ ವಿಚಾರಣೆಯಲ್ಲಿ ಅವರು ತಮ್ಮ ಪರವಾಗಿ ತಾವೇ ವಾದಿಸಿದರು. ಕಾನೂನಿನ ದೃಷ್ಟಿಯಿಂದ ತಪ್ಪಿತಸ್ಥರೆಂದು ತೀರ್ಮಾನವಾಗಿ ೫ ಪೌಂಡು ದಂಡ ವಿಧಿಸಲಾಯಿತು. ಆದರೆ ಸರ್ಕಾರದ ಪರ ವಕೀಲರಾಗಿದ್ದ ಸರ್ ಆರ್ಚಿಬಾಲ್ಡ್ ಬಾಡ್ಕಿನ್ ಅವರೇ ಆ ದಂಡದಷ್ಟು ಹಣವನ್ನು ಎಗ್ಲಾಂಟೈನ್ ಅವರ ಕೈಗಿತ್ತರು. ಮಕ್ಕಳ ನಿಧಿಗೆ ಬಂದ ಮೊದಲ ಕಾಣಿಕೆ ಇದೇ ಎಂದು ಹೇಳಲಾಗುತ್ತದೆ.

ಮಕ್ಕಳ ನಿಧಿಯ ಸ್ಥಾಪನೆ

ಸರ್ಕಾರದ ನೀತಿಯನ್ನು ಬದಲಿಸುವ ರಾಜಕೀಯ ಹೋರಾಟಕ್ಕೆ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಮಕ್ಕಳು ಬದುಕಿರಲಾರರು ಎಂಬ ಆಲೋಚನೆಯಿಂದ ಪ್ರತ್ಯೇಕ ಪರಿಹಾರ ನಿಧಿಯ ಯೋಜನೆ ರೂಪುಗೊಂಡಿತು. ೧೯೧೯ರ ಮೇ ೧೯ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸಾರ್ವಜನಿಕ ಸಭೆ ನಡೆದು ಸೇವ್ ದ ಚಿಲ್ಡ್ರನ್ ಫಂಡ್ ಉದ್ಘಾಟನೆಗೊಂಡಿತು. ಶತ್ರುಗಳಿಗೆ ನೆರವಾಗುವ ದ್ರೋಹಿಗಳ ಮೇಲೆ ಎಸೆಯಲೆಂದು ಕೆಲವರು ಕೊಳೆತ ಹಣ್ಣುಗಳೊಡನೆ ಸಭೆಗೆ ಬಂದಿದ್ದರೆಂದೂ ಭಾಷಣ ಕೇಳಿದ ಬಳಿಕ ಸುಮ್ಮನಾದರೆಂದೂ ಪ್ರತೀತಿಯಿದೆ. ಆಗ ಎಗ್ಲಾಂಟೈನ್ ಅವರಿಗೆ ೪೨ ವರ್ಷ. ಅದುವರೆಗೆ ಹಿಡಿದು ಬಿಟ್ಟ ಕೆಲಸಗಳಲ್ಲಿ ಕಾಣದ ಜೀವನದ ಗುರಿಯನ್ನು ಅವರು ಇಲ್ಲಿ ಕಂಡುಕೊಂಡರು. ಮುಂದಿನ ಒಂಬತ್ತೂವರೆ ವರ್ಷಗಳನ್ನು ಸಂಪೂರ್ಣವಾಗಿ ಇದಕ್ಕೇ ಮುಡಿಪಾಗಿಟ್ಟರು. ಡೊರೊಥಿಯವರು ಕ್ರಮೇಣ ರಾಜಕೀಯ ಕಾರ್ಯದತ್ತ ತಿರುಗಿದಾಗ ನಿಧಿಯ ಹೊಣೆ ಮುಖ್ಯವಾಗಿ ಎಗ್ಲಾಂಟೈನ್ ಅವರ ಮೇಲೆಯೇ ಬಿದ್ದಿತು.

ದೇಶ, ಮತ, ಪಕ್ಷಗಳ ಭೇದವಿಲ್ಲದೆ ನೆರವು ನೀಡಬೇಕೆಂಬುದು ನಿಧಿಯ ಮೂಲ ತತ್ತ್ವವಾಗಿತ್ತು. ಅವರು ಸ್ವತಃ ಆಂಗ್ಲಿಕನ್ ಪಂಥದವರಾಗಿದ್ದರೂ ರೋಮಿಗೆ ಹೋಗಿ ಪೋಪ್ ಹದಿನೈದನೆಯ ಬೆನೆಡಿಕ್ಟ್ ಅವರನ್ನು ಭೇಟಿಯಾದರು. ೧೯೧೯ರ ಡಿಸೆಂಬರ್ ೨೮ರಂದು ಕ್ಯಾಥೋಲಿಕ್ ಚರ್ಚುಗಳಲ್ಲಿ ಮಕ್ಕಳಿಗಾಗಿ ಹಣ ಸಂಗ್ರಹಿಸುವಂತೆ ಪೋಪ್ ಕರೆ ನೀಡಿದ್ದರು. ೧೯೨೦ರ ಜನವರಿ ೬ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಬೆಂಬಲದೊಡನೆ 'ಅಂತರರಾಷ್ಟ್ರೀಯ ಮಕ್ಕಳ ರಕ್ಷಣಾ ಒಕ್ಕೂಟ' ಸ್ಥಾಪನೆಯಾಯಿತು.

ರಷ್ಯಾದ ಕ್ಷಾಮ

೧೯೨೧ರಲ್ಲಿ ರಷ್ಯಾದ ವೋಲ್ಗಾ ನದಿಯ ಪ್ರದೇಶದಲ್ಲಿ ಭೀಕರ ಕ್ಷಾಮ ತಲೆದೋರಿತು. ಬೊಲ್ಶೆವಿಕ್ ಆಡಳಿತದ ದೇಶಕ್ಕೆ ನೆರವು ಕಳುಹಿಸುವುದನ್ನು ಬ್ರಿಟನ್ನಿನ ಕೆಲವು ಪತ್ರಿಕೆಗಳು ಕಟುವಾಗಿ ಟೀಕಿಸಿದವು. ಇದನ್ನು ಲೆಕ್ಕಿಸದೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 'ಟೋರ್ಚೆಲ್ಲೊ' ಎಂಬ ಹಡಗಿನಲ್ಲಿ ೬೦೦ ಟನ್ ಸಾಮಗ್ರಿಯನ್ನು ನಿಧಿಯು ರವಾನಿಸಿತು. ಸರಾಟೋವ್ ಪ್ರಾಂತ್ಯದಲ್ಲಿ ತೆರೆದ ಗಂಜಿ ಕೇಂದ್ರಗಳಲ್ಲಿ ಕ್ಷಾಮವು ತೀವ್ರವಾಗಿದ್ದಾಗ ದಿನಕ್ಕೆ ಸುಮಾರು ೩ ಲಕ್ಷ ಮಕ್ಕಳಿಗೆ ಆಹಾರ ದೊರೆಯುತ್ತಿತ್ತು.

ಹಣ ಸಂಗ್ರಹಕ್ಕಾಗಿ ಪತ್ರಿಕೆಗಳಲ್ಲಿ ಪೂರ್ಣ ಪುಟದ ಜಾಹೀರಾತು ನೀಡುವುದು, ಕ್ಷಾಮಪೀಡಿತ ಪ್ರದೇಶದ ಚಲನಚಿತ್ರವನ್ನು ಊರೂರುಗಳಲ್ಲಿ ತೋರಿಸುವುದು ಮೊದಲಾದ ಕ್ರಮಗಳನ್ನು ನಿಧಿ ಅನುಸರಿಸಿತು. ದಾನದ ಹಣದಿಂದ ಜಾಹೀರಾತು ಕೊಡುವುದು ದುಂದುವೆಚ್ಚವೆಂಬ ಆಕ್ಷೇಪ ಬಂದರೂ ಎಗ್ಲಾಂಟೈನ್ ಈ ವಿಧಾನವನ್ನು ಕೈಬಿಡಲಿಲ್ಲ.

ಮಕ್ಕಳ ಹಕ್ಕುಗಳ ಘೋಷಣೆ

ರಷ್ಯಾದ ಕ್ಷಾಮ ಇಳಿಮುಖವಾಗುತ್ತಿದ್ದಂತೆ ಎಗ್ಲಾಂಟೈನ್ ಅವರ ಚಿಂತನೆ ಹೊಸ ದಿಕ್ಕಿಗೆ ಹೊರಳಿತು. ದಾನವು ಕೊಡುವವರ ಮನಸ್ಸನ್ನು ಅವಲಂಬಿಸಿರುತ್ತದೆ. ಆದರೆ ಹಸಿದ ಮಗುವಿಗೆ ಅನ್ನವು ಹಕ್ಕಾಗಿ ಸಲ್ಲಬೇಕು ಎಂಬ ನಿಲುವಿಗೆ ಅವರು ಬಂದರು. ೧೯೨೩ರಲ್ಲಿ ಮಕ್ಕಳ ಹಕ್ಕುಗಳನ್ನು ಕುರಿತು ಐದು ಅಂಶಗಳ ಸಂಕ್ಷಿಪ್ತ ಘೋಷಣೆಯ ಕರಡನ್ನು ಸಿದ್ಧಪಡಿಸಿದರು. ಜಿನೀವಾ ಸಮೀಪದ ಸಲೇವ್ ಬೆಟ್ಟದ ಮೇಲೆ ಇದರ ಕಲ್ಪನೆ ಅವರಿಗೆ ಹೊಳೆಯಿತೆಂದು ಹೇಳುವುದುಂಟು.

ಘೋಷಣೆಯ ಸಾರಾಂಶ ಹೀಗಿದೆ:

೧. ಮಗುವಿನ ಲೌಕಿಕ ಮತ್ತು ಆಧ್ಯಾತ್ಮಿಕ ಬೆಳವಣಿಗೆಗೆ ಬೇಕಾದ ಅನುಕೂಲಗಳನ್ನು ಒದಗಿಸಬೇಕು.
೨. ಹಸಿದ ಮಗುವಿಗೆ ಆಹಾರ, ಕಾಯಿಲೆಯ ಮಗುವಿಗೆ ಶುಶ್ರೂಷೆ, ಹಿಂದುಳಿದ ಮಗುವಿಗೆ ನೆರವು, ದಾರಿ ತಪ್ಪಿದ ಮಗುವಿಗೆ ಸುಧಾರಣೆ, ಅನಾಥ ಮಗುವಿಗೆ ಆಸರೆ ದೊರೆಯಬೇಕು.
೩. ಸಂಕಟದ ಕಾಲದಲ್ಲಿ ಮೊದಲ ಪರಿಹಾರ ಮಗುವಿಗೆ ಸಲ್ಲಬೇಕು.
೪. ಮಗುವು ಮುಂದೆ ತನ್ನ ಜೀವನೋಪಾಯ ಕಂಡುಕೊಳ್ಳುವಂತಾಗಬೇಕು ಮತ್ತು ಎಲ್ಲ ಬಗೆಯ ಶೋಷಣೆಯಿಂದ ರಕ್ಷಿತವಾಗಬೇಕು.
೫. ತನ್ನ ಪ್ರತಿಭೆ ಸಹಮಾನವರ ಸೇವೆಗೆ ಮೀಸಲೆಂಬ ಅರಿವಿನಲ್ಲಿ ಮಗುವನ್ನು ಬೆಳೆಸಬೇಕು.

೧೯೨೪ರ ಸೆಪ್ಟೆಂಬರ್ ೨೬ರಂದು ರಾಷ್ಟ್ರಸಂಘದ ಮಹಾಸಭೆಯು ಇದನ್ನು ಅಂಗೀಕರಿಸಿತು. ಇದು 'ಜಿನೀವಾ ಘೋಷಣೆ' ಎಂದು ಪ್ರಸಿದ್ಧವಾಗಿದೆ. ಇದು ರಾಷ್ಟ್ರಗಳನ್ನು ಕಾನೂನಿನ ಬಲದಿಂದ ಕಟ್ಟುವ ಒಪ್ಪಂದವಾಗಿರಲಿಲ್ಲ. ಆದರೆ ಮಕ್ಕಳ ಹಕ್ಕುಗಳನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಮಾನ್ಯಮಾಡಿದ ಮೊದಲ ದಾಖಲೆಯಾಯಿತು. ಮುಂದೆ ರಾಷ್ಟ್ರಸಂಘದ ಮಕ್ಕಳ ಕಲ್ಯಾಣ ಸಲಹಾ ಸಮಿತಿಯಲ್ಲಿಯೂ ಎಗ್ಲಾಂಟೈನ್ ಸೇವೆ ಸಲ್ಲಿಸಿದರು.

ಕೊನೆಯ ದಿನಗಳು

ಅಧಿಕ ದುಡಿಮೆಯಿಂದ ಅವರ ಆರೋಗ್ಯ ಹದಗೆಡುತ್ತ ಬಂದಿತು. ಎಳೆಯ ವಯಸ್ಸಿನಲ್ಲಿಯೇ ತಲೆ ನರೆತು, ದೇಹ ಕೃಶವಾಗಿದ್ದರೂ ಉತ್ಸಾಹ ಕುಂದದ ಅವರನ್ನು ಸ್ನೇಹಿತರು 'ಬಿಳಿಯ ಜ್ವಾಲೆ' ಎಂದು ಕರೆಯುತ್ತಿದ್ದರು. ಯುರೋಪಿನಾಚೆಯ, ವಿಶೇಷವಾಗಿ ಆಫ್ರಿಕಾದ, ಮಕ್ಕಳ ಸ್ಥಿತಿಗತಿಗಳತ್ತ ಒಕ್ಕೂಟದ ಗಮನ ಹರಿಯಬೇಕೆಂದು ಅವರು ಬಯಸಿದ್ದರು. ಆಫ್ರಿಕಾದ ಮಕ್ಕಳನ್ನು ಕುರಿತ ಸಮ್ಮೇಳನವು ೧೯೩೧ರಲ್ಲಿ ಜಿನೀವಾದಲ್ಲಿ ನಡೆಯಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಥೈರಾಯ್ಡ್ ಕಾಯಿಲೆ ಉಲ್ಬಣಿಸಿ, ಶಸ್ತ್ರಚಿಕಿತ್ಸೆಗಳ ನಂತರವೂ ಗುಣವಾಗದೆ, ೧೯೨೮ರ ಡಿಸೆಂಬರ್ ೧೭ರಂದು ತಮ್ಮ ೫೨ನೆಯ ವಯಸ್ಸಿನಲ್ಲಿ ಜಿನೀವಾದಲ್ಲಿ ನಿಧನ ಹೊಂದಿದರು. ಅಲ್ಲಿನ ಸೇಂಟ್ ಜಾರ್ಜ್ ಸ್ಮಶಾನದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಪ್ರಭಾವ

ಜಿನೀವಾ ಘೋಷಣೆಯನ್ನು ವಿಸ್ತರಿಸಿ ವಿಶ್ವಸಂಸ್ಥೆಯು ೧೯೫೯ರ ನವೆಂಬರ್ ೨೦ರಂದು ಮಕ್ಕಳ ಹಕ್ಕುಗಳ ಹೊಸ ಘೋಷಣೆಯನ್ನು ಹೊರಡಿಸಿತು. ೧೯೮೯ರಲ್ಲಿ ಅದೇ ದಿನಾಂಕದಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು ೧೯೯೨ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಎಗ್ಲಾಂಟೈನ್ ಸ್ಥಾಪಿಸಿದ ಸಂಸ್ಥೆ ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಕಾರ್ಯನಿರತವಾಗಿದೆ. ಇಂಗ್ಲೆಂಡಿನ ಚರ್ಚು ಪ್ರತಿವರ್ಷ ಡಿಸೆಂಬರ್ ೧೭ರಂದು ಅವರನ್ನು ಸ್ಮರಿಸುತ್ತದೆ.