ಸಮಗಾರ ಹರಳಯ್ಯನವರು

ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹಾಪುರುಷರ ಜೀವನ ಚರಿತ್ರೆ ಬರೆಯಿರಿ ಎಂದು ಗುರುಗಳು ಹೇಳಿದಾಗ ಬಹಳ ಮಂದಿ ಗಾಂಧೀಜಿಯವರನ್ನೂ ವಿವೇಕಾನಂದರನ್ನೂ ಆರಿಸಿಕೊಂಡರು. ನಾನು ಹರಳಯ್ಯನವರನ್ನು ಆರಿಸಿಕೊಂಡೆ. ಯಾಕಂದ್ರೆ ಅವರ ಪಟ ನಮ್ಮ ಮನೆಯಲ್ಲಿದೆ.

ಹರಳಯ್ಯನವರು 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಇದ್ದವರು. ಅದೇ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಆಗ ಅಲ್ಲಿ ಕಲಚುರಿ ವಂಶದ ಬಿಜ್ಜಳ ಆಳುತ್ತಿದ್ದ. ಬಸವಣ್ಣನವರು ಅವನ ಭಂಡಾರ ನೋಡಿಕೊಳ್ಳುತ್ತಿದ್ದರು. ಹರಳಯ್ಯನವರಿಗೆ ಅರಮನೆಯ ಕೆಲಸವೇನೂ ಇರಲಿಲ್ಲ. ಅವರು ಚಪ್ಪಲಿ ಹೊಲಿಯುವವರು. ಅವರ ಪತ್ನಿ ಕಲ್ಯಾಣಮ್ಮನವರು.

ಈ ಹೆಸರನ್ನೊಮ್ಮೆ ಬಿಡಿಸಿ ನೋಡಿರಿ. ಮೊದಲು ಕಸುಬು, ಕೊನೆಗೆ ಅಯ್ಯ. ಅಯ್ಯ ಎಂದರೆ ತಂದೆ, ಗುರು, ಒಡೆಯ. ಕಲ್ಯಾಣದ ಅನೇಕ ಶರಣರ ಹೆಸರುಗಳು ಹೀಗೇ ಇವೆ. ಬಿದಿರಿನ ಬುಟ್ಟಿ ಹೆಣೆಯುವವರು ಮೇದಾರ ಕೇತಯ್ಯ, ಹಗ್ಗ ಹೊಸೆಯುವವರು ನುಲಿಯ ಚಂದಯ್ಯ, ದೋಣಿ ನಡೆಸುವವರು ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವವರು ಮಡಿವಾಳ ಮಾಚಯ್ಯ. ಕಸುಬಿನ ಹೆಸರನ್ನು ಯಾರೂ ಮುಚ್ಚಿಡಲಿಲ್ಲ. ಬಸವಣ್ಣನವರಂತೂ ಮಾದಾರ ಚೆನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ತಮ್ಮ ಬಂಧುಗಳೆಂದು ವಚನದಲ್ಲೇ ಹೇಳಿಕೊಂಡಿದ್ದಾರೆ.

ಕುಶಲಕರ್ಮಿಗಳಿಗೆ ಮರ್ಯಾದೆಯ ಹೆಸರು ಅದಕ್ಕೂ ಮೊದಲು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಬೇಲೂರಿನ ಗುಡಿಯಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ಶಿಲ್ಪಿಯ ಹೆಸರು ದಾಸೋಜ. ಆ ಕೊನೆಯ ಓಜ ಎಂಬುದು ಉಪಾಧ್ಯಾಯ ಎಂಬ ಶಬ್ದದಿಂದ ಬಂದದ್ದು. ಅಂದರೆ ಕಲ್ಲು ಕೆತ್ತುವವರೂ ಮೇಷ್ಟ್ರೇ! ಈಗಲೂ ಬಡಿಗತನ ಮಾಡುವವರನ್ನು ಊರಲ್ಲಿ ಆಚಾರ್ರೇ ಅಂತಾರೆ. ಆದರೆ ತೊಗಲು ಮುಟ್ಟುವವರ ಹೆಸರಿಗೆ ಓಜನೂ ಇಲ್ಲ, ಆಚಾರಿಯೂ ಇಲ್ಲ. ಕಲ್ಯಾಣದಲ್ಲಿ ಮಾತ್ರ ಅಯ್ಯ ಸಿಕ್ಕಿತು.

ಇನ್ನು ಅವರ ಕತೆಗೆ ಬರುತ್ತೇನೆ. ಒಂದು ದಿನ ದಾರಿಯಲ್ಲಿ ಹರಳಯ್ಯನವರು ಬಸವಣ್ಣನವರಿಗೆ ಶರಣು ಎಂದರಂತೆ. ಬಸವಣ್ಣನವರು ತಿರುಗಿ ಶರಣು ಶರಣಾರ್ಥಿ ಎಂದರು. ತಾನು ಒಂದು ಶರಣು ಕೊಟ್ಟರೆ ಅವರು ಎರಡು ಕೊಟ್ಟರಲ್ಲ, ಈ ಸಾಲ ಹೇಗೆ ತೀರಿಸಲಿ ಎಂದು ಹರಳಯ್ಯನವರಿಗೆ ಚಿಂತೆ ಹತ್ತಿತು. ಗಂಡ ಹೆಂಡತಿ ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದರು. ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರು. ಇದು ಜನ ಹೇಳಿಕೊಂಡು ಬಂದ ಕತೆ.

ಈ ಕತೆಯನ್ನು ನಾನು ಅಜ್ಜನಿಗೆ ಹೇಳಿದಾಗ ಅವರು ನಕ್ಕರು. ಚರ್ಮ ಅಷ್ಟು ಬೇಗ ಹದ ಆಗೋದಿಲ್ಲವಂತೆ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ತೆಗೀಬೇಕು, ಆಮೇಲೆ ತಂಗಡಿ ತೊಗಟೆ ನೀರಲ್ಲಿ ದಿನಗಟ್ಟಲೆ ಇಡಬೇಕು, ಆಮೇಲೆ ರಂಪಿಗೆ ಹಿಡಿಯಬೇಕು. ಹಾಗಾದರೆ ಅಷ್ಟು ದಿನ ಆ ಗಾಯ ಇಟ್ಟುಕೊಂಡು ಅವರಿಬ್ಬರೂ ಕೆಲಸ ಮಾಡಿದರಲ್ಲ ಅಂತ ಹೇಳಿ ಅಜ್ಜ ಸುಮ್ಮನಾದರು. ನನಗೆ ಇದು ಹೊಳೆದಿರಲಿಲ್ಲ.

ಮುಂದಿನದು ದುಃಖದ ಸಂಗತಿ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸರು ಬಿಜ್ಜಳನ ಮಂತ್ರಿಗಳಾಗಿದ್ದವರು, ಶರಣರಾದರು. ಅವರ ಮಗಳನ್ನು ಹರಳಯ್ಯನವರ ಮಗ ಶೀಲವಂತರಿಗೆ ಕೊಟ್ಟು ಮದುವೆಯಾಯಿತು. ಬಾಯಲ್ಲಿ ಅಯ್ಯ ಎಂದು ಕರೆಯುವವರೆಗೆ ಊರು ಹೇಗೋ ತಡೆದುಕೊಂಡಿತ್ತು, ಬೀಗರಾದಾಗ ತಡೆಯಲಿಲ್ಲ. ದೂರು ಅರಮನೆಗೆ ಹೋಯಿತು. ಬಿಜ್ಜಳ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲಿಸಿದ. ಅದರ ಹಿಂದೆಯೇ, 1167ರ ಸುಮಾರಿಗೆ, ಬಿಜ್ಜಳನ ಕೊಲೆಯಾಯಿತು, ಶರಣರು ಕಲ್ಯಾಣ ಬಿಟ್ಟು ಚದುರಿಹೋದರು. ಗಿರೀಶ ಕಾರ್ನಾಡರ ತಲೆದಂಡ ನಾಟಕದಲ್ಲಿ (1990) ಈ ಮದುವೆಯ ಕತೆ ಬರುತ್ತದೆ. ಬಸವಕಲ್ಯಾಣದಲ್ಲಿ ಹರಳಯ್ಯನವರ ಹೆಸರಿನ ಗವಿ ಈಗಲೂ ಇದೆ.

ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಕೊನೆಗೆ ಸಮಗಾರ ಎಂದಿದೆ. ಅದನ್ನು ಕೂಗಿದಾಗ ಕೆಲವರು ಹಿಂತಿರುಗಿ ನೋಡುವುದು ನನಗೆ ಗೊತ್ತು. ಮೊದಲು ನಾನು ಮೆಲ್ಲಗೆ ಹಾಜರ್ ಅನ್ನುತ್ತಿದ್ದೆ. ಅಜ್ಜನ ವಿಷಯ ಇನ್ನೂ ಬೇರೆ. ಚಪ್ಪಲಿಯ ಉಂಗುಷ್ಟ ಕಿತ್ತರೆ ಅಟ್ಟೆ ಹಿಡಿದು ಬರುವ ಒಂದನೇ ಇಯತ್ತೆಯ ಹುಡುಗರು ಕೂಡ ಅವರನ್ನು ಹೆಸರು ಹಿಡಿದು, ಲೇ ಅಂತ ಕರೀತಾರೆ. ಮನೆಯಲ್ಲಿ ದೊಡ್ಡವರು ಹಾಗೆ ಕರೆಯುವುದನ್ನು ಕೇಳಿ ಕಲಿತಿದ್ದಾರೆ, ಆ ಮಕ್ಕಳದೇನು ತಪ್ಪು? ಅಜ್ಜ ಮಾತ್ರ ಆ ಹುಡುಗರಿಗೆ ಬರ್ರಿ ಅಂತಲೇ ಅನ್ನುತ್ತಾರೆ.

ಅಜ್ಜನಿಗೆ ಓದಲು ಬರುವುದಿಲ್ಲ. ಬರೆದದ್ದನ್ನು ನಾನೇ ಓದಿ ಹೇಳಿದೆ. ಮೊದಲು ನಾನು ಹರಳಯ್ಯ ಬಂದ, ಹರಳಯ್ಯ ಹೊಲಿದ ಎಂದು ಬರೆದಿದ್ದೆ. ಅಜ್ಜ ಅಲ್ಲಿಗೇ ತಡೆದು, ಬಂದರು ಅಂತ ಬರಿ, ಹೊಲಿದರು ಅಂತ ಬರಿ ಎಂದರು. ಬಿಜ್ಜಳನದನ್ನೂ ತಿದ್ದಲೇ ಎಂದು ಕೇಳಿದೆ. ಅದು ಹಾಂಗೇ ಇರಲಿ ಅಂದರು. ಡ್ರಾಯಿಂಗ್ ಹಾಳೆ ಇನ್ನೊಂದು ಸಿಗಲಿಲ್ಲ. ಆದ್ದರಿಂದ ಅಲ್ಲಲ್ಲಿ ಕಾಟು ಹೊಡೆದು ಮೇಲೆ ಬರೆದಿದ್ದೇನೆ, ಗುರುಗಳು ಕ್ಷಮಿಸಬೇಕು.